ನಾಗಿ ನೆಂಟಳಾಗಿ ಹೋದದ್ದು

ಬೆಳಂಬಾರದ ನಾಗಿ ಅಂಕೋಲೆಯ ಪೇಟೆಯಲ್ಲಿ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಕೂತರೆ ಗಿರಾಕಿಗಳು ಅವಳ ಬಾಯಿಗೆ ಹೆದರಿ ಚೌಕಾಸಿಯನ್ನೇ ಕಡಿಮೆ ಮಾಡುತ್ತಿದ್ದರು. ಅಂಥ ನಾಗಿಯೂ ಒಂದು ಮಾತು ಬಂದರೆ ಸುಮ್ಮನಾಗಿಬಿಡುತ್ತಿದ್ದಳು. ತನ್ನ ಕಾಲ ಮುಗಿದ ಮೇಲೆ ಮಂಗೇಶನನ್ನು ನೋಡಿಕೊಳ್ಳುವವರು ಯಾರು?

ಮಂಗೇಶ ಅವಳ ಹಿರಿಮಗ. ಮೂವತ್ತು ದಾಟಿದ ಗಟ್ಟಿ ಆಳು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕಡಿಮೆ. ಎಣಿಕೆ ಬಾರದು, ವಾರಗಳ ಹೆಸರು ನೆನಪಿರದು. ಆದರೆ ಬೆಳಗಾದರೆ ಕಡಲದಂಡೆಗೆ ಹೋಗುತ್ತಾನೆ. ಪಕ್ಕದ ಮನೆಯ ಸುಭಾಷನ ದೋಣಿ ಬಂದರೆ ಎಳೆಯಲು ಹೆಗಲು ಕೊಡುತ್ತಾನೆ, ಒಣಗಲು ಹಾಕಿದ ಶೆಟ್ಲಿ ಸಿಗಡಿಯನ್ನು ಕೈಯಾಡಿಸಿ ತಿರುವುತ್ತಾನೆ, ಕಾಗೆಗಳ ಜೊತೆ ದೊಡ್ಡ ದನಿಯಲ್ಲಿ ಜಗಳವಾಡುತ್ತಾನೆ. ದಂಡೆಯವರಿಗೆಲ್ಲ ಅವನು ಬೇಕು.

ನಾಗಿಯ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಪ್ರೀತಿಯನ್ನು ಕಾರವಾರದ ಹತ್ತಿರದ ಕದ್ವಾಡಕ್ಕೆ ಮದುವೆ ಮಾಡಿ ಕೊಟ್ಟಿತ್ತು. "ಅಣ್ಣ ಮುಂದೆ ನನ್ನ ಸಂಗ್ತಿ ಇರ್ತ, ನೀ ಯೋಚ್ನೆ ಮಾಡ್ಬೇಡ ಆಯಿ" ಎಂದು ಪ್ರೀತಿ ತಾಯಿಗೆ ಎಷ್ಟೋ ಸಲ ಹೇಳಿದ್ದಳು. ಊರವರೂ ಅದನ್ನೇ ಹೇಳುತ್ತಿದ್ದರು. ನಾಗಿಯೂ ಹಾಗೇ ಇರಲಿ ಎಂದುಕೊಂಡಿದ್ದಳು.

ಹೋದ ವರ್ಷ ನಾಗಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಗಿ ಬಂತು. ಅವಳು ಕಾರವಾರದ ಆಸ್ಪತ್ರೆ ಸೇರಿದಳು, ಮಂಗೇಶ ಕದ್ವಾಡದ ತಂಗಿಯ ಮನೆ ಸೇರಿದ. ಪ್ರೀತಿ ಅವನಿಗಾಗಿಯೇ ಕೋಣೆ ಗುಡಿಸಿ ಹೊಸ ಚಾದರ ಹಾಸಿದ್ದಳು, ದಿನವೂ ಅವನಿಗೆ ಸೇರುವ ಬಂಗಡೆ ಹುರಿದಳು. ಒಂದೆರಡು ದಿನ ಅವನು ಜಗಲಿಯಲ್ಲಿ ಕೂತು ರಸ್ತೆ ನೋಡಿದ. ಆಮೇಲೊಂದು ಬೆಳಿಗ್ಗೆ ನೋಡಿದರೆ ಮಂಗೇಶ ಮನೆಯಲ್ಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕ. ಕದ್ವಾಡದಿಂದ ನಡೆದುಕೊಂಡೇ ಕಾರವಾರದ ಬಂದರಿಗೆ ಬಂದು, ಬಲೆ ಇಳಿಸುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ "ಬೆಳಂಬಾರಕ್ಕೆ ಹೋಗು ದೋಣಿ ಯಾವ್ದು?" ಎಂದು ಕೇಳುತ್ತಿದ್ದನಂತೆ. ಅವರಲ್ಲೊಬ್ಬನಿಗೆ ಸುಭಾಷನ ಪರಿಚಯವಿತ್ತು. ಅವನೇ ಮಂಗೇಶನಿಗೆ ಚಾ ಕುಡಿಸಿ ಕೂರಿಸಿಕೊಂಡು ಸುಭಾಷನಿಗೆ ಫೋನು ಮಾಡಿದ.

ಪ್ರೀತಿ ಆಸ್ಪತ್ರೆಗೆ ಬಂದು ತಾಯಿಯ ಮಂಚದ ಹತ್ತಿರ ಕೂತು ಅತ್ತಳು. "ನಾ ಎಂತಾ ಕಮ್ಮಿ ಮಾಡ್ದೆ ಆಯಿ?"

"ನೀ ಏನೂ ಕಮ್ಮಿ ಮಾಡ್ಲಿಲ್ಲ ಮಗಾ" ಎಂದಳು ನಾಗಿ. ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಗಳ ಕಡೆ ಹೊರಳಿದಳು. "ಅವ್ಗೆ ಅಲ್ಲಿ ಕೆಲ್ಸ ಇಲ್ಲ, ಮಾತಾಡ್ಸುವವ್ರಿಲ್ಲ. ನಿನ್ ಮನೇಲಿ ಅವ ನೆಂಟ. ನೆಂಟ ಎಷ್ಟು ದಿನ ಕೂರ್ತ?"

ಅಲ್ಲಿಂದ ನಾಗಿಯ ಲೆಕ್ಕಾಚಾರವೇ ಬೇರೆಯಾಯಿತು. ಮಂಗೇಶ ಮನೆ ಬಿಟ್ಟು ಹೋಗುವುದು ಬೇಡ, ಬೇಕಾದವರು ಅವನಿದ್ದಲ್ಲಿಗೆ ಬರಲಿ. ಊರಿಗೆ ಮರಳಿದವಳೇ ಸುಭಾಷನ ಹೆಂಡತಿ ನಿಶಾಳ ಹತ್ತಿರ ಮನಸ್ಸು ಬಿಚ್ಚಿದಳು.

ನಿಶಾ ಸುತ್ತುಬಳಸಿ ಮಾತಾಡುವವಳಲ್ಲ. "ನಾಗಕ್ಕ, ಹೊತ್ತಿಗೊಂದು ಸರ್ತಿ ಬಂದು ನಾ ನೋಡ್ತೆ. ಆದ್ರೆ ನೀ ಅವ್ಗೆ ಒಂದು ಲೋಟ ನೀರು ಬಗ್ಸಿ ಕುಡೂಕೂ ಬಿಡೂದಿಲ್ಲ. ಮೊದ್ಲು ನಿನ್ ಕೈ ಕಟ್ಟಿ ಕೂರು."

ಕೈ ಕಟ್ಟಿ ಕೂರುವುದು ನಾಗಿಗೆ ಆಪರೇಷನ್ನಿಗಿಂತ ಕಷ್ಟವಾಯಿತು. ಮಂಗೇಶ ಗ್ಯಾಸಿನ ಗುಬ್ಬಿ ತಿರುಗಿಸುವಾಗ ಅವಳ ಜೀವ ಬಾಯಿಗೆ ಬರುತ್ತಿತ್ತು. ಮೊದಲ ಸಲದ ಅನ್ನ ತಳ ಹಿಡಿದು ಕರಿದಾಯಿತು. ಅವನು ಅದನ್ನೇ ಬಡಿಸಿಕೊಂಡು ಉಪ್ಪಿನಕಾಯಿ ನೆಂಚಿಕೊಂಡು ಉಂಡ, ತಾಯಿಗೂ ಬಡಿಸಿದ. ಒಲೆ ಆರಿಸಿ ಸಿಲಿಂಡರನ್ನೂ ಬಂದ್ ಮಾಡುವುದು ರೂಢಿಯಾಗಲು ಮಳೆಗಾಲ ಪೂರ್ತಿ ಹಿಡಿಯಿತು.

ಈ ನಡುವೆ ಪ್ರೀತಿ ಕಚೇರಿಗಳನ್ನು ಸುತ್ತಿ ಕಾನೂನಿನ ಪ್ರಕಾರ ಅಣ್ಣನ ಪಾಲಕಿಯಾಗಲು ಅರ್ಜಿ ಹಾಕಿದಳು. ವಿಚಾರಣೆಗೆ ಕಾರವಾರಕ್ಕೆ ಮೂವರೂ ಹೋದರು. ಅಧಿಕಾರಿ ಒಬ್ಬರು ನಾಗಿಯನ್ನು ಬಿಟ್ಟು ನೇರ ಮಂಗೇಶನನ್ನೇ ಕೇಳಿದರು: "ಮುಂದೆ ನಿಮ್ಮನ್ನ ಯಾರು ನೋಡಿಕೊಳ್ಳಬೇಕು?"

ಅವನು ತಂಗಿಯ ಕಡೆ ಬೆರಳು ತೋರಿಸಿದ. "ಪ್ರೀತಿ." ಮತ್ತೆ, ಯಾರಾದರೂ ತಪ್ಪು ತಿಳಿದಾರು ಎಂಬಂತೆ ಜೋರಾಗಿ ಹೇಳಿದ: "ಮನೆ ಬೆಳಂಬಾರ!"

ಕೋಣೆಯಲ್ಲಿದ್ದವರು ನಕ್ಕರು. ಪ್ರೀತಿಯೂ ನಕ್ಕಳು. ಬಂದರಿನ ಆ ದಿನದಿಂದ ಅವಳ ಮನಸ್ಸಿನಲ್ಲಿ ಉಳಿದಿದ್ದ ನೋವು ಅಂದು ಕರಗಿತು.

ಇನ್ನು ಉಳಿದದ್ದು ನಾಗಿ ಇಲ್ಲದೆ ಮಂಗೇಶ ಇರುವುದನ್ನು ನೋಡುವುದು. ದೀಪಾವಳಿ ಕಳೆದ ಮೇಲೆ ಅವಳು ಕೈಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು ಕದ್ವಾಡಕ್ಕೆ ಹೊರಟಳು. ಬಸ್ಸು ಹಟ್ಟಿಕೇರಿ ದಾಟುವುದರೊಳಗೆ ನಿಶಾಳಿಗೆ ಫೋನು ಮಾಡಿದಳು. ಕದ್ವಾಡ ಮುಟ್ಟಿ ಮತ್ತೆ ಮಾಡಿದಳು. ಸಂಜೆ ಇನ್ನೊಮ್ಮೆ ಮಾಡಿದಾಗ ನಿಶಾ ಗದರಿಸಿದಳು: "ಅವ ಉಂಡು ಸುಭಾಷನ ಸಂಗ್ತಿ ಕೂತು ಟೀವಿ ನೋಡ್ತಾ ಇದ್ದ. ನೀ ಫೋನ್ ಇಡು ನಾಗಕ್ಕ, ನಂಗೂ ಮನೆ ಕೆಲ್ಸ ಅದೆ."

ವಾರ ಕಳೆದು ಮರಳಿದಾಗ ಮಂಗೇಶ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ. "ಬಂದ್ಯಾ ಆಯಿ?" ಎಂದವನು ಮತ್ತೆ ಪಾತ್ರೆಗೆ ಬಗ್ಗಿದ. ನಾಗಿಗೆ ಸ್ವಲ್ಪ ಚುಚ್ಚಿತು.

"ನನ್ ನೆನಪೇ ಆಗ್ಲಿಲ್ವಾ ನಿಂಗೆ?"

"ಆಯ್ತು."

"ಮತ್ತೆ?"

"ನಿಶಾ ವೈನಿ ಹೇಳ್ತು, ಆಯಿ ಬತ್ತದೆ ಅಂತ. ನೀ ಬಂದಿ."

ನಾಗಿ ಕೈಚೀಲ ಒಳಗಿಟ್ಟು ಕೈಕಾಲು ತೊಳೆದಳು. ಅವನು ಮಾಡಿಟ್ಟ ಅನ್ನಕ್ಕೆ ತಾನು ತಂದ ಸಾರು ಹಾಕಿಕೊಂಡು ಉಂಡಳು. ಅನ್ನ ಸ್ವಲ್ಪ ಮುದ್ದೆಯಾಗಿತ್ತು, ಅದನ್ನು ಹೇಳಲಿಲ್ಲ.

ಈಗ ಅದೊಂದು ಪದ್ಧತಿಯೇ ಆಗಿದೆ. ಕೆಲವು ದಿನ ಪ್ರೀತಿ ಬೆಳಂಬಾರಕ್ಕೆ ಬಂದು ಅಣ್ಣನ ಜೊತೆ ಇರುತ್ತಾಳೆ, ಕೆಲವು ದಿನ ನಾಗಿ ಕದ್ವಾಡಕ್ಕೆ ಹೋಗುತ್ತಾಳೆ. ಮೊನ್ನೆ ಹೋದಾಗ ಮಗಳು ಅವಳನ್ನು ಕಾರವಾರದ ಕಡಲದಂಡೆಗೆ ಕರೆದುಕೊಂಡು ಹೋದಳು. ಜನ್ಮವೆಲ್ಲ ಕಡಲ ಬದಿಯಲ್ಲೇ ಕಳೆದಿದ್ದರೂ ಕೈಯಲ್ಲಿ ಬುಟ್ಟಿಯಿಲ್ಲದೆ, ದೋಣಿ ಬಂತೇ ಎಂದು ನೋಡದೆ, ಮರಳಿನ ಮೇಲೆ ಸುಮ್ಮನೆ ಕೂತದ್ದು ನಾಗಿಗೆ ನೆನಪಿಲ್ಲ. ಕಾಲು ಚಾಚಿಕೊಂಡು ಕಡಲೆಕಾಯಿ ಸುಲಿದು ತಿಂದಳು.

"ನಾಳೆ ಹೊರಡ್ತ್ಯಾ ಆಯಿ?" ಪ್ರೀತಿ ಕೇಳಿದಳು.

"ಇನ್ನೊಂದು ದಿನ ಇರ್ತೆ" ಎಂದಳು ನಾಗಿ.