ಅಳಿಯನ ಮೀಸೆಯೂ ನೀರಾಟದ ಮಾಸ್ಕೂ

ನಾನು ದುಬೈಗೆ ಮಗಳ ಮನೆಗೆ ಹೋದಾಗ ಅಳಿಯ ಪ್ರತಿ ಶುಕ್ರವಾರ ಅಬುಧಾಬಿಗೆ ಓಡುತ್ತಿದ್ದ. ಅಲ್ಲಿ ಈಜುಕೊಳದ ತಳದಲ್ಲಿ ಹಾಕಿ ಆಟ ಆಡುತ್ತಾರಂತೆ, ಇವನು ವರ್ಷದಿಂದ ಅದರಲ್ಲಿ ಪಳಗಿದವನಂತೆ. ರಜೆಯ ದಿನ ಮಗಳೊಬ್ಬಳೇ ಮನೆಯಲ್ಲಿ. ನೀರಿಗೆ ಇಳಿಯುವವನು ಅತ್ತರು ಯಾಕೆ ಬಳಿದುಕೊಳ್ಳಬೇಕು ಅಂತ ನನಗೆ ಮೊದಲೇ ಸಂಶಯ.

ಅವನ ಹುಟ್ಟುಹಬ್ಬಕ್ಕೆ ಆಟದ ಸಾಮಾನು ಕೊಡಿಸುತ್ತೇನೆಂದು ಮಗಳು ಅವನನ್ನು ನೈಫ್ ಪೇಟೆಯ ಅಂಗಡಿಗೆ ಹೊರಡಿಸಿದಳು. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ. ಗೇಣುದ್ದದ ಕೋಲು ಆಯಿತು, ಬಾತುಕೋಳಿ ಕಾಲಿನಂಥ ಚಪ್ಪಲಿಯೂ ಆಯಿತು. ಮುಖದ ಮಾಸ್ಕ್ ಮಾತ್ರ ಕೂರಲಿಲ್ಲ.

ಅಂಗಡಿಯವನು ಕಾಸರಗೋಡಿನವನು. "ಸಾರ್, ಮೀಸೆ ಸಂದಿಯಿಂದ ನೀರು ನುಗ್ತದಲ್ಲ? ಆಡುವಾಗ ವ್ಯಾಸಲೀನ್ ಹಚ್ತೀರಾ ಹೇಗೆ?"

"ವ್ಯಾಸಲೀನಾ? ಅದ್ಯಾಕೆ?" ಎಂದ ಅಳಿಯ.

ಅಂಗಡಿಯವನು ಮೆಲ್ಲಗೆ ಮಗಳ ಮುಖ ನೋಡಿದ.

"ವರ್ಷವಿಡೀ ಮೂಗಿನಲ್ಲೇ ನೀರು ಕುಡಿದೆಯೇನಪ್ಪಾ?" ಎಂದು ನಾನೇ ಕೇಳಿದೆ.

"ಅಮ್ಮಾ, ಖಲಾಸ್! ಬಾಯಿ ಮುಚ್ಚು," ಎಂದು ಮಗಳು ಮಾಸ್ಕನ್ನೂ ಕಟ್ಟಿಸಿದಳು. ದುಡ್ಡು ಎಣಿಸಿಕೊಟ್ಟು, ಚೀಲ ತಾನೇ ಹಿಡಿದು ಹೊರಟಳು.

ತನ್ನಪ್ಪ ಸತ್ತಾಗ ತಲೆ ಬೋಳಿಸಲು ಕೂತು, ಮೀಸೆ ಮಾತ್ರ ಮುಟ್ಟಬೇಡಿ ಅಂತ ಪುರೋಹಿತರ ಜೊತೆ ಜಗಳಕ್ಕೆ ಬಿದ್ದಿದ್ದವನು ಇವನು. ಮುಂದಿನ ಶುಕ್ರವಾರ ಅದೇ ಮೀಸೆ ನುಣ್ಣಗೆ ಬೋಳಿಸಿ, ಅತ್ತರು ಹಚ್ಚಿ, ಮಾಸ್ಕಿನ ಚೀಲ ಹೆಗಲಿಗೇರಿಸಿ ಹೊರಟ. ಹೆತ್ತಪ್ಪನಿಗಿಂತ ಹೆಚ್ಚಿನವಳು ಯಾರೋ ಅಬುಧಾಬಿಯಲ್ಲಿ ಇದ್ದಾಳೆ ಅನ್ನುವುದು ನನಗೆ ಆವತ್ತು ಖಾತ್ರಿಯಾಯಿತು.