ಮಲ್ಲಿನಾಥನ ಅವ್ವನ ಡೇರೆ ಗಡ್ಡೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ಶೇವಂತಿ ಎಂಬ ಹೆಸರಿನ ಹೆಂಗಸು ಇದ್ದಾಳೆ ಎಂದರೆ ಅರ್ಧ ಓಣಿ ನಂಬಲಿಕ್ಕಿಲ್ಲ. ಆಕೆ ಎಲ್ಲರಿಗೂ ಮಲ್ಲಿನಾಥನ ಅವ್ವ. ಎದುರು ಮನೆಯವಳಾದ ನನಗೆ ಕಾಕು, ಚಿಕ್ಕಮ್ಮನಿದ್ದಂತೆ. ಗಂಡ ರಾಚಪ್ಪ ಕಾಕಾ ಇದ್ದಾಗಲೂ "ಏ, ಇಲ್ಲಿ ಕೇಳ" ಎಂದೇ ಕರೆದ. ಅವರ ಪಡಸಾಲೆಯಲ್ಲಿ ಆಗ ಎರಡು ಕೈಮಗ್ಗ. ಒಂದರಲ್ಲಿ ಕಾಕುವಿನ ಮಾವ ಶಂಕರೆಪ್ಪ, ಇನ್ನೊಂದರಲ್ಲಿ ಕಾಕಾ. ಅಪ್ಪನ ಎದುರು ಹೆಂಡತಿಯ ಹೆಸರು ಹಿಡಿದು ಕರೆಯುವುದೆಂದರೆ ಆಗ ಮರ್ಯಾದೆ ಬಿಟ್ಟ ಮಾತು. ಮಾವ ತೀರಿದ ಮೇಲಾದರೂ ಕರೆಯಬಹುದಿತ್ತಲ್ಲ ಎಂದರೆ, ಅಷ್ಟರಲ್ಲಿ ಬಾಯಿಗೆ ಆ ರೂಢಿಯೇ ಇರಲಿಲ್ಲ. ಈ ಗಂಡಸರ ನಾಚಿಕೆಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಮದುವೆಯಾದ ವರ್ಷ ಕಾಕಾ ಹೊಸ ದಡಿಯೊಂದನ್ನು ನೇಯ್ದಿದ್ದ. ಸೀರೆಯ ಅಂಚಿನುದ್ದಕ್ಕೂ ಹಳದಿ ಹೂವು, ಹೂವಿಗೊಂದು ಎಲೆ. ವ್ಯಾಪಾರಿ ತುಕಾರಾಮ "ಇದ್ಯಾವ ಹೂವೋ ರಾಚಪ್ಪ?" ಎಂದಾಗ ಕಾಕಾ ತಡವರಿಸಿ "ಡೇರಿ" ಎಂದನಂತೆ. ನಮ್ಮೂರಲ್ಲಿ ಡೇರೆ ಹೂವನ್ನು ಕಂಡವರು ಯಾರು? ಪೇಟೆಯಲ್ಲಿ ಅದೇ ಹೆಸರು ನಿಂತಿತು. ಬಾಗಿಲ ಮರೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೊಸ ಸೊಸೆಗೆ ಮಾತ್ರ ಆ ಮಾತು ಮನಸ್ಸಿಗೆ ನಾಟಿತು.

"ಊರಾಗಿಲ್ಲದ ಹೂವ ನೇಯ್ದ್ರಿ. ನನ್ನ ಹೆಸರಿಂದ ಒಂದ ನೇಯಬಾರದಾಗಿತ್ತೇನ್ರಿ?" ಎಂದು ಒಮ್ಮೆ ಕೇಳಿಯೂ ಬಿಟ್ಟಳು.

ಕಾಕಾ ನಕ್ಕ. "ಖರೆ ಡೇರಿ ಕಂಡ ದಿನ ನಿನಗ ಗೊತ್ತಾಗ್ತೈತಿ ತಗೋ. ತೋರಸ್ತೇನಿ ಒಮ್ಮೆ."

ತೋರಿಸಲಿಲ್ಲ. ಮೂರು ವರ್ಷದ ಹಿಂದೆ ತೀರಿಕೊಂಡ. ಕೈಮಗ್ಗಗಳ ಜಾಗದಲ್ಲಿ ಈಗ ಮಲ್ಲಿನಾಥನ ಪಾವರ್‌ಲೂಮುಗಳು ಸದ್ದು ಮಾಡುತ್ತವೆ. ಉಳಿದದ್ದು ಟ್ರಂಕಿನಲ್ಲಿ ಆ ದಡಿಯ ಒಂದು ಸೀರೆ, ಕಾಕುವಿಗೆ ಒಂದು ಹಂಬಲ: ಕಣ್ಣು ಮುಚ್ಚುವುದರೊಳಗೆ ಡೇರೆ ನೋಡಬೇಕು. ಮೊಬೈಲಿನಲ್ಲಿ ತೋರಿಸುತ್ತೇನೆ ಬಾ ಎಂದರೆ, "ಬ್ಯಾಡವಾ. ಅವರು ತೋರಸ್ತೇನಿ ಅಂದದ್ದು ಹೂವ, ಫೋಟೋ ಅಲ್ಲ" ಎನ್ನುತ್ತಿದ್ದಳು.

ಅನಗವಾಡಿಯ ಹೊಳೆದಂಡೆಯಲ್ಲಿ ಪೂನಮ್ ಎಂಬಾಕೆ ಹೂವಿನ ತೋಟ ಮಾಡಿದ್ದಾಳೆ, ಡೇರೆ ಗಡ್ಡೆಯನ್ನೂ ಮಾರುತ್ತಾಳೆ ಎಂದು ಕಳೆದ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಜಮಖಂಡಿ, ಬೀಳಗಿ ಎಂದು ಬಸ್ಸು ಬದಲಿಸುತ್ತ ಇಬ್ಬರೂ ಹೋದೆವು. ಬೀಳಗಿಯಲ್ಲಿ ಕಾಕು ಯಾರನ್ನೋ "ಡೇರಿ ಎಲ್ಲೈತ್ರಿ?" ಎಂದು ಕೇಳಿ, ಅವರು ಹಾಲು ಹಾಕುವ ಡೇರಿಗೆ ದಾರಿ ತೋರಿಸಿದ್ದನ್ನು ನೆನೆದರೆ ನನಗೆ ಈಗಲೂ ನಗು. ಅದು ಡೇರೆ ಹೂವಿನ ಕಾಲವಲ್ಲ, ತೋಟದಲ್ಲಿ ಒಂದೂ ಅರಳಿರಲಿಲ್ಲ. ನೆರಳಿನಲ್ಲಿ ಒಣ ಉಸುಕು, ಅದರೊಳಗೆ ಗೆಣಸಿನಂಥ ಗಡ್ಡೆಗಳು. ಪೂನಮ್ "ಇವಕ್ಕ ಕಣ್ಣ ಅದಾವ್ರಿ" ಎಂದು ಮೊಳಕೆ ಬರುವ ಗಂಟು ತೋರಿಸಿ ಮೂರನ್ನು ಆರಿಸಿಕೊಟ್ಟು, "ಮಳಕಿ ಒಡಿಯೂತನಕ ನೀರ ಹಾಕಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿದಳು.

ಅವಳು ಕಣ್ಣು ಎಂದದ್ದೇ ತಪ್ಪಾಯಿತು. ನಮ್ಮದು ಕಬ್ಬಿನ ಸೀಮೆ. ಕಣ್ಣಿದ್ದುದನ್ನು ನೆಟ್ಟರೆ ನೀರು ಬಿಡಬೇಕೆಂದು ಇಲ್ಲಿ ಕೂಸಿಗೂ ಗೊತ್ತು. ಕಾಕು ಬಣ್ಣದ ಖಾಲಿ ಡಬ್ಬಿಗಳಲ್ಲಿ ನೆಟ್ಟು ದಿನಾ ತಂಬಿಗೆ ತುಂಬ ಸುರಿದಳು. ಎರಡು ಕೊಳೆತವು. ಕೊಳೆತದ್ದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಮೂರನೆಯ ಡಬ್ಬಿಯ ತಳ ಒಡೆದಿತ್ತು, ನೀರು ನಿಲ್ಲಲಿಲ್ಲ, ಅದೊಂದು ಬದುಕಿತು.

ಗಿಡ ಮೊಣಕಾಲೆತ್ತರ ಬಂದಾಗ ಕಾಕು ಟ್ರಂಕಿನ ಸೀರೆ ತಂದು ಪಕ್ಕಕ್ಕೆ ಹಿಡಿದಳು. ಮುಖ ಸಪ್ಪಗಾಯಿತು. ಗಿಡದ ಎಲೆಗೆ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ದಡಿಯ ಎಲೆ ಕತ್ತರಿಯಿಂದ ಆಳಕ್ಕೆ ಕತ್ತರಿಸಿದಂತೆ.

"ಮೋಸ ಮಾಡ್ಯಾಳವಾ. ಬ್ಯಾರೇ ಗಡ್ಡಿ ಕೊಟ್ಟಾಳ. ಹಚ್ಚ ಫೋನ!"

ಗಿಡದ್ದು, ದಡಿಯದು ಎರಡೂ ಫೋಟೋ ಕಳಿಸಿ, ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಗಿಡ ಡೇರೀದ ಐತ್ರಿ ಅವ್ವಾರ," ಎಂದಳು ಪೂನಮ್. "ಸೀರ್ಯಾಗಿಂದು ಡೇರಿ ಅಲ್ಲರಿ. ಆ ಎಲಿ ನೋಡ್ರಿ, ನನ್ನ ತೋಟ ತುಂಬ ಅದ ಐತಿ. ಶೇವಂತಿ ಅದು."

ಕಾಕು ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಪೇಟೆಯ ಶೇವಂತಿ ಎಲೆ ಕಳೆದು ಮಾಲೆಯಾಗಿ ಬರುತ್ತದೆ. ಮಗ್ಗದ ಓಣಿಯಲ್ಲೇ ಮುದುಕಿಯಾದವಳು ಅದರ ಗಿಡವನ್ನು ಎಂದು ನಿಂತು ನೋಡಿದ್ದಳು? ಅನಗವಾಡಿಯಲ್ಲೂ ಅವಳ ಕಣ್ಣು ಗಡ್ಡೆಯ ಮೇಲಷ್ಟೇ ಇತ್ತು.

"ತುಕಾರಾಮ ಕೇಳಿದಾಗ ಮಾವನವರು ಎದುರಿಗೇ ಕುಂತಿದ್ರು," ಎಂದಳು. "ಹೆಂಡ್ತಿ ಹೆಸರ ಹೆಂಗ ಹೇಳ್ಯಾರು? ಬಾಯಿಗೆ ಬಂದದ್ದ ಅಂದ ಬಿಟ್ಟಾರ. ಮೂವತ್ತೆಂಟ ವರ್ಷ ಇಲ್ಲದ ಹೂವಿನ ಮ್ಯಾಲ ಹೊಟ್ಟಿಕಿಚ್ಚ ಪಟ್ಟೆನಲ್ಲವಾ ನಾ."

ನನಗೂ ಅಳು ಬಂತು. ಕಾಕಾನ ಮೇಲೆ ಸಿಟ್ಟೂ ಬಂತು.

ಜನವರಿಯಲ್ಲಿ ಡೇರೆ ಅರಳಿತು, ಅಂಗೈಯಗಲದ ಹಳದಿ ಹೂವು. ಕಾಕು ಅದನ್ನು ಕೊಯ್ಯಲಿಲ್ಲ. ಆ ಸೀರೆ ಉಟ್ಟು, ಕಾಕಾನ ಫೋಟೋವನ್ನೇ ಗೋಡೆಯಿಂದ ಇಳಿಸಿ ಹಿತ್ತಲಿಗೆ ತಂದು ಡಬ್ಬಿಯ ಎದುರು ಇಟ್ಟಳು. ನಾನು ಬಾಗಿಲಲ್ಲೇ ನಿಂತೆ. ನಾನಿರುವುದು ಅವಳಿಗೆ ನೆನಪಿರಲಿಲ್ಲ.

"ನೋಡ್ರಿ, ಡೇರಿ ಅಂದ್ರ ಇದು. ನೀವೂ ಕಂಡಿರಲಿಲ್ಲ," ಎಂದಳು. ಆಮೇಲೆ ದಡಿಯನ್ನು ಫೋಟೋದ ಹತ್ತಿರ ಹಿಡಿದಳು. "ಇದು ನಾ. ಇಲ್ಲಿ ಈಗ ಯಾರೂ ಇಲ್ಲರಿ. ಒಮ್ಮೆ ಹೆಸರ ಹಿಡದ ಕರೀರಿ."