ಲಕ್ಷದೀಪಕ್ಕೆ ಹೊಸೆದ ಬತ್ತಿಗಳು

ಒಂದು ತಗಡಿನ ಡಬ್ಬಿಯಿಂದ ಶುರು ಮಾಡುತ್ತೇನೆ. ಈ ವಿಷಯದಲ್ಲಿ ನನಗಿಂತ ಆ ಡಬ್ಬಿಯನ್ನೇ ಹೆಚ್ಚು ನಂಬಬಹುದು. ಬಿಸ್ಕೀಟಿನ ಹಳೆಯ ಡಬ್ಬಿ, ಕಂಠದವರೆಗೆ ಹತ್ತಿಯ ಬತ್ತಿಗಳು. ನನ್ನ ನೆನಪು ಒಮ್ಮೊಮ್ಮೆ ಹೇಳುವುದು ಹೀಗೆ: ಅತ್ತೆ ಏನೋ ತಪ್ಪು ತಿಳಿದುಕೊಂಡಿದ್ದಾರೆಂದು ನನಗೆ ಒಂದು ಶನಿವಾರ ಗೊತ್ತಾಯಿತು, ಮರುದಿನವೇ ಹೇಳಿಬಿಡುವವಳಿದ್ದೆ, ಅಷ್ಟರಲ್ಲಿ ಪೊಲೀಸ ಬಂದ. ಆದರೆ ಅಂಥ ಡಬ್ಬಿ ಒಂದು ದಿನದಲ್ಲಿ ತುಂಬುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ವಾರವಿಡೀ ಅಲ್ಲಿ ಬಾಡಿಗೆ ಖೋಲಿ. ಶನಿವಾರದ ಬೆಳಗಿನ ಶಾಲೆ ಮುಗಿದದ್ದೇ ಬಸ್ಸು ಹಿಡಿದು ಹುಮನಾಬಾದಿಗೆ, ಗಂಡ ಮತ್ತು ಅತ್ತೆ ಇದ್ದ ಮನೆಗೆ. ಎರಡು ಊರುಗಳ ನಡುವೆ ತೊಗರಿ, ಜೋಳ, ಮತ್ತೆ ತೊಗರಿ. ನೀರೆಂದರೆ ಕೆರೆ, ಬಾವಿ, ನಳ.

ನಕ್ಷೆಯಲ್ಲಿ ಅರಬ್ಬೀ ಸಮುದ್ರದ ಚುಕ್ಕೆಗಳ ಮೇಲೆ ಕೋಲು ಇಟ್ಟಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಬಾಯಾರ, ನೀವು ಸಮುದ್ರ ನೋಡೀರೇನ್ರಿ?"

"ನೋಡೀನಿ," ಎಂದೆ. ಯಾಕೆ ಹಾಗೆಂದೆನೋ.

"ಎಷ್ಟ್ ದೊಡ್ಡದದರಿ? ನಮ್ಮ ತ್ರಿಪುರಾಂತ ಕೆರಿಗಿಂತ?"

"ಅದರ ಹತ್ತು ಪಟ್ಟು."

ಹತ್ತು ಪಟ್ಟು! ಭೂಗೋಳದ ಶಿಕ್ಷಕಿ ನಾನು. ಹುಡುಗಿಯರು ಅದನ್ನು ಬರೆದುಕೊಂಡರು. ಅಂದಿನಿಂದ ಕುಳಿತಲ್ಲಿ ಕೂಡಲಾಗದಂತಾಯಿತು. ದೀಪಾವಳಿ ಸೂಟಿಯಲ್ಲಿ ಸಮುದ್ರ ನೋಡಿಯೇ ಬರಬೇಕು, ಅದೂ ದಂಡೆಯಿಂದಲ್ಲ, ನಡುವೆ ನಿಂತು. ದ್ವೀಪಕ್ಕೇ ಹೋಗಬೇಕು.

ಆದರೆ ಅತ್ತೆ ಒಪ್ಪದೆ ಆ ಮನೆಯಿಂದ ಒಂದು ಕೈಚೀಲವೂ ಹೊರಬೀಳುತ್ತಿರಲಿಲ್ಲ. ಗಂಡ ಮೊದಲು ಅಂಡಮಾನದ ಹೆಸರು ತೆಗೆದರು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಕಾಳಾಪಾನಿಗಿ? ಯಾರ ಖೂನ ಮಾಡೀರಿ ಇಬ್ಬರೂ ಕೂಡಿ?"

"ಈಗ ಅಲ್ಲಿ ಜೇಲ ಇಲ್ಲವ್ವಾ, ಮಂದಿ ತಿರಗಾಡಾಕ ಹೋಗ್ತಾರ."

"ಸರಕಾರ ಒಯ್ದು ಬಿಡೂ ಜಾಗಾಕ್ಕ ನೀವ ರೊಕ್ಕಾ ಕೊಟ್ಟು ಹೋಗ್ತೀರಿ? ಶಾಣ್ಯಾರದೀರಿ!"

ಅಂಡಮಾನ ಅಲ್ಲಿಗೆ ಮುಗಿಯಿತು. ಎರಡು ವಾರ ಬಿಟ್ಟು ನಾನೇ ಲಕ್ಷದ್ವೀಪ ಎಂದೆ. ನಮ್ಮ ಕಡೆ ಮಾತಿನಲ್ಲಿ 'ದ್ವೀ'ಯ ಕೆಳಗಿನ ಆ ಒತ್ತು ನಿಲ್ಲುವುದಿಲ್ಲ. ನನ್ನ ಬಾಯಲ್ಲೂ ನಿಂತಿರಲಿಕ್ಕಿಲ್ಲ. ಬೇಕೆಂದೇ ಬಿಟ್ಟೆನೋ, ತಾನಾಗಿ ಬಿದ್ದಿತೋ, ಇವತ್ತಿಗೂ ಹೇಳಲಾರೆ.

ಅತ್ತೆಯ ಮುಖವೇ ಬದಲಾಯಿತು. "ಲಕ್ಷದೀಪಕ್ಕ? ಕಾರ್ತೀಕದಾಗ? ಮೊದಲ ಯಾಕ ಹೇಳಲಿಲ್ಲವಾ! ನಾನೂ ಬರ್ತೀನಿ. ನಿಮ್ಮ ಮಾವ ಇದ್ದಾಗಿನ ಹರಕಿ ಅದು, ಲಕ್ಷದೀಪಕ್ಕ ಕೈಯಾರೆ ಹೊಸದ ಬತ್ತಿ ಹಚ್ಚಬೇಕಂತ. ಗುಡಿ ಭಾಳ ದೊಡ್ಡದೇನು?"

"ದೊಡ್ಡದ್ರಿ," ಎಂದೆ. ಯಾವುದು ದೊಡ್ಡದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲಿನ ಶನಿವಾರಗಳು ನೆನಪಿನಲ್ಲಿ ಒಂದೇ ಶನಿವಾರವಾಗಿ ಅಂಟಿಕೊಂಡಿವೆ. ಬಾಗಿಲು ತೆಗೆದರೆ ಅತ್ತೆ ಕಾಲು ಚಾಚಿ ಕುಳಿತು ಮೊಣಕಾಲಿನ ಮೇಲೆ ಹತ್ತಿ ಹೊಸೆಯುತ್ತಿರುತ್ತಾರೆ. ಬೆರಳಿಗೆ ವಿಭೂತಿ, ಪಕ್ಕದಲ್ಲಿ ಡಬ್ಬಿ. ಗಂಡ ನನ್ನ ಮುಖ ನೋಡುತ್ತಾರೆ, ನಾನು ಕೊಚ್ಚಿಯಿಂದ ಹಡಗು ಬಿಡುವ ದಿನಗಳ ಕಾಗದ ನೋಡುತ್ತೇನೆ. ಪರವಾನಗಿಯ ಅರ್ಜಿಯಲ್ಲಿ ಮೂರು ಹೆಸರು ಬರೆದದ್ದು ನಾನೇ. ಅಕ್ಷರ ನನ್ನದೇ ಇರಬೇಕು, ಗಂಡನ ಅಕ್ಷರ ಯಾರೂ ಓದಲಾರರು. ಅಂದರೆ ಅಷ್ಟೂ ಶನಿವಾರ ನನಗೆ ಗೊತ್ತಿತ್ತು.

ಆ ದ್ವೀಪಗಳಿಗೆ ಹೋಗಬೇಕಾದರೆ ಊರಿನ ಠಾಣೆಯಿಂದ ಚೌಕಶಿ ಆಗಬೇಕಿತ್ತು. ಒಂದು ರವಿವಾರ ಮಧ್ಯಾಹ್ನ ಪೊಲೀಸ ಸೈಕಲ್ಲು ಗೋಡೆಗೆ ಆನಿಸಿ ಒಳಗೆ ಬಂದ. ವಯಸ್ಸಾದವನು, ನೌಕರಿಯಲ್ಲಿ ಊರೂರು ತಿರುಗಿದವನು. ಕಾಗದ ಬಿಚ್ಚಿ ಅತ್ತೆಯನ್ನೇ ಕೇಳಿದ.

"ಅಮ್ಮಾ, ಅಲ್ಲಿಗ್ಯಾಕ ಹೊಂಟೀರಿ?"

"ದೀಪ ಹಚ್ಚಾಕ."

"ಎಲ್ಲಿ?"

"ಲಕ್ಷದೀಪದಾಗ ದೀಪ ಎಲ್ಲಿ ಹಚ್ತಾರಪ್ಪಾ? ಗುಡಿಯಾಗ!"

ಅವನು ಕಾಗದ ನೋಡಿದ, ಡಬ್ಬಿ ನೋಡಿದ, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಯಾ ಅಲ್ಲಾ! ಅಮ್ಮಾ, ಅದು ದೀಪ ಅಲ್ರಿ, ದ್ವೀಪ. ಜಜೀರಾ. ಚಾರೋ ತರಫ್ ಪಾನಿ, ನಡುವ ಇಷ್ಟಗಲ ಮಣ್ಣು, ತೆಂಗಿನ ಗಿಡ. ಅಲ್ಲಿ ಇರೋರೆಲ್ಲಾ ನಮ್ಮ ಮಂದಿ. ಮಸೂತಿ ಅದಾವ, ನಿಮ್ಮ ಗುಡಿ ಎಲ್ಲಿಂದ ಬರ್ಬೇಕು?"

ಅತ್ತೆ ಕೈಯಲ್ಲಿದ್ದ ಬತ್ತಿಯನ್ನು ಪೂರ್ತಿ ಹೊಸೆದು ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಎಂದಿನಿಂದ?"

ನಾನು "ಮೊದಲಿನಿಂದ್ರಿ" ಎಂದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಗಂಡ ಹೇಳುವುದು ಬೇರೆ: ನಾನು "ನಿನ್ನಿ ಗೊತ್ತಾತ್ರಿ" ಎಂದೆನಂತೆ, ಅತ್ತೆ ಡಬ್ಬಿಯನ್ನು ನನ್ನ ಮುಂದೆ ಸರಿಸಿದರಂತೆ. ಡಬ್ಬಿ ಸರಿದ ಸದ್ದು ನನಗೂ ನೆನಪಿದೆ. ಹಾಗಾದರೆ ಅವರ ಮಾತೇ ಸರಿ ಇರಬೇಕು.

ಪೊಲೀಸ ಕೆಮ್ಮಿದ. "ಅಮ್ಮಾ, ನಿಮ್ಮ ಹೆಸರು ಹೊಡದು ಹಾಕ್ಲೇನ್ರಿ?"

"ಯಾಕ ಹೊಡೀತಿ? ಇರ್ಲಿ. ಇಕಿ ಒಬ್ಬಾಕಿನ ನೋಡಿ ಬಂದು ಹೇಳಿದ್ರ ನಾ ನಂಬೂದು ಹ್ಯಾಂಗ?"

ಅವನು ನಕ್ಕ, ನನ್ನ ಮುಖ ನೋಡಿ ನಗು ನುಂಗಿದ. "ಮತ್ತ ಯಾತಕ್ಕ ಅಂತ ಬರೀಲಿ?"

"ನೀರು ನೋಡಾಕ ಅಂತ ಬರಿ."

ಅವನು ಚಹಾ ಕುಡಿದು ಹೋದ ಮೇಲೆ ಅತ್ತೆ ಒಲೆಯ ಮುಂದೆ ಕುಳಿತು, ನನ್ನ ಕಡೆ ನೋಡದೆ ಕೇಳಿದರು, "ನೀರು ನೋಡಾಕ ಇಷ್ಟ್ ಹಟ ಯಾಕ ನಿನಗ?"

ಶಾಲೆಯಲ್ಲಿ ಆಡಿದ ಮಾತನ್ನು ಹೇಳಿದೆ. ಹತ್ತು ಪಟ್ಟಿನದನ್ನೂ ಹೇಳಿದೆ.

"ಅಲ್ಲೊಂದು ಸುಳ್ಳು, ಇಲ್ಲೊಂದು ಸುಳ್ಳು," ಅತ್ತೆ ಕಟ್ಟಿಗೆ ಒಳಗೆ ದೂಡಿದರು. "ಇಲ್ಲಿಂದು ಪೊಲೀಸ ತೀರಿಸಿ ಹೋದ. ಅಲ್ಲಿಂದು ತೀರಸಾಕ ಯಾರನ್ನ ಕಳಸ್ಲಿ?"

ಸೋಮವಾರ ಬೆಳಗಿನ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ನಾಲ್ಕು ಥರ ಮಾಡಿ ನೋಡಿದೆ. ನಾಲ್ಕರಲ್ಲೂ ನಾನು ಸ್ವಲ್ಪ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಕೊನೆಗೆ ತರಗತಿಯಲ್ಲಿ ನಿಂತು ಹೇಳಿದ್ದು ಇಷ್ಟು: "ನಾ ಸಮುದ್ರ ನೋಡಿಲ್ಲ. ಹತ್ತು ಪಟ್ಟು ಅಂದಿದ್ದನ್ನ ಹೊಡದು ಹಾಕ್ರಿ."

ನೋಟುಪುಸ್ತಕಗಳ ಮೇಲೆ ಪೆನ್ನು ಎಳೆದ ಸದ್ದು. ಅದೇ ಹುಡುಗಿ ಮತ್ತೆ ಎದ್ದಳು. "ಹಂಗಾದ್ರ ಎಷ್ಟ್ ಪಟ್ಟು ಅಂತ ಬರಿಬೇಕ್ರಿ ಬಾಯಾರ?"

"ಜಾಗಾ ಬಿಡ್ರಿ," ಎಂದೆ.

ಆ ಶನಿವಾರ ಬಸ್ಸಿನಿಂದ ಇಳಿದವಳು ನೇರ ಮನೆಯ ದಾರಿ ಹಿಡಿಯಲಿಲ್ಲ. ನಿಲ್ದಾಣದಲ್ಲೇ ಎರಡು ಸುತ್ತು ಹೊಡೆದೆ. ಮನೆಯ ಬಾಗಿಲು ತೆರೆದೇ ಇತ್ತು. ಅತ್ತೆ ಅದೇ ಜಾಗದಲ್ಲಿ, ಹಾಗೆಯೇ ಕಾಲು ಚಾಚಿ. ಹಳೆಯ ಬತ್ತಿಗಳನ್ನೆಲ್ಲ ಪರಾತದಲ್ಲಿ ಸುರಿದುಕೊಂಡು ಎರಡೆರಡನ್ನು ಸೇರಿಸಿ ಒಂದು ಮಾಡುತ್ತಿದ್ದರು.

"ಹೇಳಿದೇನು ಹುಡಗ್ಯಾರಿಗಿ?"

"ಹೇಳೀನ್ರಿ."

"ಕೂಡು. ಅಲ್ಲಿ ಗಾಳಿ ಭಾಳ ಅಂತ, ಪೊಲೀಸಪ್ಪ ದಾರ್ಯಾಗ ಸಿಕ್ಕು ಹೇಳಿದ. ನೀರಿನ ದಂಡಿಗಿ ಹಚ್ಚಿದ್ರ ಸಣ್ಣವು ನಿಲ್ಲೂದಿಲ್ಲ."

ಎದುರು ಕುಳಿತು ನಾನೂ ಹೊಸೆಯತೊಡಗಿದೆ. ನಾನು ಮಾಡಿ ಇಟ್ಟ ಒಂದೊಂದನ್ನೂ ಅವರು ಎತ್ತಿ, ಎಳೆದು ನೋಡಿ, ತಮ್ಮ ಮೊಣಕಾಲಿನ ಮೇಲೆ ಇನ್ನೊಮ್ಮೆ ಹೊಸೆದು ಡಬ್ಬಿಗೆ ಹಾಕಿದರು.